ಎರಡು ಉಪ್ಪುನೀರು

ಮೀನಿನ ತೊಟ್ಟಿಯಲ್ಲಿ ನೀರು ಎರಡು ಬೆರಳು ಇಳಿದಿದ್ದನ್ನು ಕಂಡು ಚಿಕ್ಕತಾಯಮ್ಮ ಬೋರ್ ನೀರಿನ ಬಿಂದಿಗೆ ಬಗ್ಗಿಸುತ್ತಿದ್ದಳು. ಸೊಸೆ ಭಾನುಪ್ರಿಯ ಓಡಿಬಂದು ಬಿಂದಿಗೆಯ ಕಂಠ ಹಿಡಿದಳು. “ಬ್ಯಾಡಿ ಅತ್ತೆ!”

“ಸಮುದ್ರದ ಮೀನ್ಗೆ ಉಪ್ಪುನೀರು ಬೇಕು ಅಂದಿದ್ದು ನೀನೇ ಕಣವ್ವ. ನಮ್ ಬೋರ್ ನೀರು ಉಪ್ಪಲ್ವಾ? ಬ್ಯಾಳೆನೇ ಬೇಯಾಕಿಲ್ಲ.”

“ಈ ಉಪ್ಪೇ ಬೇರೆ. ಇದನ್ನ ಬುಟ್ರೆ ಮೀನು ಎರಡೂ ಸತ್ತೋಯ್ತವೆ. ಆರೋಗಿರೋದು ನೀರು ಮಾತ್ರ, ಸಮುದ್ರದುಪ್ಪು ಒಳಗೇ ಐತೆ. ಫಿಲ್ಟರ್ ನೀರೇ ಬೇಕು.”

ಊರಿನ ಫಿಲ್ಟರ್ ಘಟಕ ಕೆಟ್ಟು ನಾಲ್ಕು ದಿನವಾಗಿತ್ತು. ಮನೆಯವರಿಗೆ ಕುಡಿಯಲು ಉಳಿದಿದ್ದದ್ದು ಅರ್ಧ ಕ್ಯಾನ್. ಅದನ್ನು ಕೇಳಲಾರದೆ ಭಾನುಪ್ರಿಯ ನಿಂತಳು.

ಚಿಕ್ಕತಾಯಮ್ಮ ತೊಟ್ಟಿಯ ಗಾಜಿಗೆ ಮುಖವಿಟ್ಟು ಮೀನುಗಳನ್ನು ನೋಡಿದಳು. ಆಮೇಲೆ ಬೋರ್ ನೀರನ್ನು ಕಾಯಲು ಒಲೆಯ ಮೇಲಿಟ್ಟಳು.

“ಕ್ಯಾನ್ ನೀರು ತೊಟ್ಟಿಗೆ ಬುಡು. ಈ ನೀರು ಕುಡ್ದು ನಾನು ಮೂವತ್ತು ವರ್ಸ ಬದುಕಿವ್ನಿ, ಅವು ಒಂದಿನಾನೂ ಬದುಕಾಕಿಲ್ಲ.”