ಬೇಲಿ ಬಾಯಿಗೆ ಕುಸರೆಳ್ಳು

ಸಂಕ್ರಾಂತಿಯ ಮಧ್ಯಾಹ್ನ. ಮುಚ್ಚಂಡಿ ಊರಿನ ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವ, ಅಜ್ಜಿ ಮತ್ತು ನಾನು. ಬಾಗಿಲಲ್ಲಿ ಗೆಳತಿ ಶಮೀಮ. ಎಳ್ಳಿಗೆ ಸಕ್ಕರೆ ಪಾಕ ಸುತ್ತಿದ ಕುಸರೆಳ್ಳಿನ ಮುಳ್ಳು ಬೆರಳಿಗೆ ತಾಕಿದರೆ ಈಗಲೂ ಇವರೆಲ್ಲ ಕಣ್ಣೆದುರು ಬರುತ್ತಾರೆ.

ನನ್ನ ಹಲ್ಲಿಗೆ ತಂತಿ ಹಾಕಿಸಿದ್ದನ್ನು ನೋಡಿ ಶಮೀಮ "ಬೇಲಿ ಬಾಯಿ" ಅಂದಿದ್ದಳು. ಅಂದಿನಿಂದ ನಾನು ಅವಳ ಜೊತೆ ಮಾತು ಬಿಟ್ಟಿದ್ದೆ. ಈಗ ಅವಳೇ ಕುಸರೆಳ್ಳು ಹಿಡಿದು ರಾಜಿಗೆ ಬಂದಿದ್ದಳು.

"ತಗೋ, ತಿಂದು ಚಂದಂಗಿ ಮಾತಾಡು."

ತಂತಿಯ ಸಂದಿಯಲ್ಲಿ ಸಿಹಿ ಕೂತರೆ ಹಲ್ಲಿನ ಮೇಲಿನ ಹೊಳಪನ್ನೇ ತಿಂದುಹಾಕುತ್ತದೆ, ಗಟ್ಟಿ ಪದಾರ್ಥ ಕಡಿದರೆ ತಂತಿ ಕಿತ್ತುಬರುತ್ತದೆ ಎಂದು ಮಿರಜಿನ ಡಾಕ್ಟರು ಹೇಳಿದ್ದರು.

"ಡಾಕ್ಟರ್ ಹೇಳಿದ್ದು ನೆನಪೈತಿಲ್ಲೊ?" ಅವ್ವ ಕಿವಿಯಲ್ಲಿ ಗದರಿದಳು.

"ಹಬ್ಬದಾಗ ಕೊಟ್ಟದ್ದು ಒಲ್ಲೆ ಅಂತಾರೇನ? ಬಾಯಾಗ ಹಾಕ್ಕೋ," ಎಂದಳು ಅಜ್ಜಿ.

ಯಾರ ಮಾತು ಕೇಳಬೇಕೋ ತಿಳಿಯಲಿಲ್ಲ. ಬಾಯಿಗೆ ಹಾಕಿಕೊಂಡೆ. ಕಡಿಯಲಿಲ್ಲ, ನುಂಗಲಿಲ್ಲ, ಹಲ್ಲಿಗೆ ತಾಕದಂತೆ ನಾಲಿಗೆಯ ಮೇಲಿಟ್ಟು ತುಟಿ ಬಿಗಿದು ನಿಂತೆ.

"ಇನ್ನರ ಮಾತಾಡ್ತಿಯಿಲ್ಲ?" ಶಮೀಮ ಕೇಳಿದಳು.

ನಾನು ಬಾಯಿ ಬಿಡಲಿಲ್ಲ. ಅವಳ ಕಣ್ಣು ತುಂಬಿತು. ಚಪ್ಪಲಿ ಬಿಟ್ಟೇ ಓಡಿದಳು.

"ಉಗುಳು!" ಎಂದಳು ಅವ್ವ. "ನುಂಗು!" ಎಂದಳು ಅಜ್ಜಿ. ಅಷ್ಟರಲ್ಲಿ ಬಾಯಲ್ಲಿ ಒಂದು ಎಳ್ಳು ಮಾತ್ರ ಉಳಿದಿತ್ತು.

ಆಮೇಲೆ ಅವ್ವ ಚಪ್ಪಲಿ ಕೊಡಲು ಅವರ ಮನೆಗೆ ಹೋದಳು. ಅಲ್ಲಿ ಏನು ಹೇಳಿದಳೋ ಗೊತ್ತಿಲ್ಲ. ಈದ್ ದಿನ ಶಮೀಮ ಒಂದು ಕೈಯಲ್ಲಿ ಹಾಲು-ಶಾವಿಗೆಯ ಸುರಕುಂಬಾದ ಬಟ್ಟಲು, ಇನ್ನೊಂದರಲ್ಲಿ ನೀರಿನ ತಂಬಿಗೆ ಹಿಡಿದು ಬಂದಳು.

"ಮೊದ್ಲ ಕುಡಿ. ಆಮ್ಯಾಲ ಬಾಯಿ ಮುಕ್ಕಳಿಸು. ನೀ ಮಾತಾಡೂತನಕಾ ನಾ ಇಲ್ಲೇ ಕುಂದರ್ತೀನಿ," ಎಂದು ಕಟ್ಟೆಯ ಮೇಲೆ ಕುಳಿತಳು.