ಗುರುಪಾದಪ್ಪನ ಮೊಣಕಾಲು

“ನಿಮ್ಮ ಗುಳಿಗಿ ನುಂಗಿ ಹುಬ್ಬಳ್ಳಿಯಿಂದ ಬಸ್ಸಿನ ಜೋಡಿ ಓಡಿದೆ ನೋಡ್ರಿ ಡಾಕ್ಟ್ರ. ಬಸ್ಸು ಧಾರವಾಡ ಮುಟ್ಟೂದರಾಗ ನಂದು ಎರಡು ಚಾ ಆಗಿತ್ತು.”

ಹೊಸ ಔಷಧದ ಪ್ರಯೋಗಕ್ಕೆ ಸೇರುವಾಗ ಗುರುಪಾದಪ್ಪ ತನ್ನ ಮೊಣಕಾಲು ನೋವಿಗೆ ಹತ್ತಕ್ಕೆ ಹನ್ನೆರಡು ಅಂಕ ಕೊಟ್ಟಿದ್ದ. ಅಲ್ಲಿಯವರೆಗೆ ಅವನೇ ಮೂರನೇ ಮಹಡಿಗೆ ಹೊರುತ್ತಿದ್ದ ನೀರಿನ ಕೊಡ ಅಂದಿನಿಂದ ಹೆಂಡತಿಯ ಪಾಲಾಗಿತ್ತು. ಈಗ ಆಕೆ ಪಕ್ಕದಲ್ಲೇ ಕೂತಿದ್ದಳು.

“ಈಗ ನೋವು ಎಷ್ಟೈತಿ?” ಡಾಕ್ಟರು ಕೇಳಿದರು.

“ಸೊನ್ನಿಗಿಂತ ಕಡಿಮಿ.”

ಪ್ರಯೋಗ ಮುಗಿದಿದ್ದರಿಂದ ಡಾಕ್ಟರು ಗುಟ್ಟು ಬಿಚ್ಚಿದರು. “ಹೋಲಿಸಿ ನೋಡಾಕ ಅರ್ಧ ಮಂದಿಗೆ ಬರೀ ಸಕ್ಕರಿ ಗುಳಿಗಿ ಕೊಟ್ಟಿದ್ವಿ. ನಿಮಗೂ ಅದನ್ನ ಕೊಟ್ಟಿದ್ದು. ನಂಬಿಕಿಲೆ ನೋವು ಅಷ್ಟಿಷ್ಟು ಇಳೀತೈತಿ. ಪೂರ್ತಿ ಹ್ಯಾಂಗ ಹೋತು?”

“ಹೇಳ್ರಿ, ನನಗೂ ತಿಳೀಲಿ,” ಎಂದಳು ಹೆಂಡತಿ.

ಗುರುಪಾದಪ್ಪನ ದನಿ ಇಳಿಯಿತು.

“ನೋವು ಬಂದ ಇರಲಿಲ್ಲ. ಕೊಡ ಭಾಳ ಭಾರ ಇತ್ತು.”