ಮಾಡಿಸಿಯಾಯಿತು

ಮನೆಗೆಲ್ಲ ಇದ್ದುದು ತಿಪ್ಪೇಸ್ವಾಮಿಯ ಫೋನ್ ನಂಬರೊಂದೇ. ಹಾಗಾಗಿ ಮನೆ ಡಾಕ್ಟರ ಆ್ಯಪ್‌ನಿಂದ ‘ಸರ್ವಮಂಗಳ ಅವರೇ, ಸ್ತನ ಪರೀಕ್ಷೆ ಮಾಡಿಸಿಕೊಂಡಿರಾ?’ ಎಂಬ ಸಂದೇಶ ಬರುತ್ತಿದ್ದುದೂ ಅವನಿಗೇ. ಗಟ್ಟಿಮುಟ್ಟಾಗಿರುವ ಹೆಂಡತಿಗೆ ಇಲ್ಲದ ಭಯ ಹುಟ್ಟಿಸುವುದೇಕೆಂದು ಅವನು ಹೇಳಲೇ ಇಲ್ಲ. ಕಾಟ ತಪ್ಪಲೆಂದು ಒಂದು ದಿನ ‘ಮಾಡಿಸಿಯಾಯಿತು, ತೊಂದರೆಯಿಲ್ಲ’ ಎಂಬುದನ್ನು ಒತ್ತಿಬಿಟ್ಟ. ಸಂದೇಶಗಳು ನಿಂತವು.

ಮಳೆಗಾಲ ಕಳೆಯುವಷ್ಟರಲ್ಲಿ ಸರ್ವಮಂಗಳ ಅವನ ಕೈ ಹಿಡಿದು ತನ್ನ ಎದೆಯ ಮೇಲಿಟ್ಟುಕೊಂಡಳು. “ಇಲ್ಲಿ ನೋಡ್ರೀ, ಗಂಟು ಐತೆ. ನೋವಿಲ್ಲ, ಆದ್ರೂ ಯಾಕೋ ಭಯ ಆಗ್ತೈತೆ.”

ಬೆರಳಿಗೆ ಕಡಲೆಯಷ್ಟು ಗಟ್ಟಿಯಾದದ್ದೇನೋ ಸಿಕ್ಕಿತು. ಅವನು ತಕ್ಷಣ ಡಾಕ್ಟರಿಗೆ ಫೋನು ಹಚ್ಚಿದ. ಅವಳು ಅವನ ಮುಖವನ್ನೇ ನೋಡುತ್ತ ಪಕ್ಕದಲ್ಲಿ ಕೂತಳು.

“ಈ ವರ್ಷ ಪರೀಕ್ಷೆ ಆಗಿದೆ, ತೊಂದರೆ ಇಲ್ಲ ಅಂತ ಇಲ್ಲಿ ಕಾಣ್ತಿದೆ,” ಎಂದರು ಡಾಕ್ಟರು. “ಅದು ನಿಜ ತಾನೆ? ಹಾಗಿದ್ರೆ ಮುಂದಿನ ತಿಂಗಳು ನಾನು ಊರಿಂದ ಬಂದ ಮೇಲೆ ನೋಡೋಣ. ಮಾಡಿಸಿಲ್ಲ ಅಂದ್ರೆ ಹೇಳಿ, ಇವತ್ತೇ ದೊಡ್ಡಾಸ್ಪತ್ರೆಗೆ ಕಳಿಸ್ತೀನಿ.”

“ಏನಂತಾರ್ರೀ?” ಎಂದು ಅವಳು ಅವನ ತೋಳು ಜಗ್ಗಿದಳು.

ತಿಪ್ಪೇಸ್ವಾಮಿ ಅವಳ ಕಣ್ಣು ತಪ್ಪಿಸಿ ಫೋನಿನಲ್ಲಿ ಹೇಳಿದ: “ನಿಜ ಡಾಕ್ಟ್ರೇ. ನೀವು ಬಂದ ಮೇಲೇ ಬರ್ತೀವಿ.”